ರಾಯಣ್ಣನಿಗೆ ಕುದುರೆ ಯಾಕೆ?

ಬೆಂಗಳೂರು, ಹುಬ್ಬಳ್ಳಿಯ ಕನ್ನಡದ ಯುವಕರೇ, ಯುವತಿಯರೇ,

ಆಟೋ ಹಿಂದೆ, ಬ್ಯಾನರಿನ ಮೇಲೆ ಸಂಗೊಳ್ಳಿ ರಾಯಣ್ಣನನ್ನು ಕುದುರೆ ಹತ್ತಿಸುತ್ತೀರಲ್ಲ, ಕುದುರೆ ಇಲ್ಲದಿದ್ದರೆ ಅವನು ವೀರನಲ್ಲವೇ? ರಾಯಣ್ಣ ಶೇತಸನದಿ. ಅಂದರೆ ಊರು ಕಾಯುವ ಕಾಲಾಳು. ಚಾಕರಿಗೆ ಬದಲು ಒಂದು ತುಂಡು ಇನಾಮು ಹೊಲ, ಅಷ್ಟೇ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಕೈ ಹಾಕಿದ್ದು ಆ ಹೊಲಕ್ಕೇ! 1830ರಲ್ಲಿ ಬೀಡಿ, ನಂದಗಡ, ಸಂಪಗಾವಿಯ ಕಚೇರಿಗಳ ಮೇಲೆ ಬಿದ್ದು ಕಂದಾಯದ ದಫ್ತರ ಸುಟ್ಟವರು ಇಂಥ ಕಾಲಾಳುಗಳು. ಪಲ್ಟನ್ ಬರುವಷ್ಟರಲ್ಲಿ ಕಾಡು ಸೇರುತ್ತಿದ್ದರು. ತೋಪು ಎಳೆಯುವ ಎತ್ತು ಆ ಕಾಡಿನಲ್ಲಿ ಏನು ಮಾಡೀತು? ಸೈನ್ಯಕ್ಕೆ ಸಿಗದವನನ್ನು ಹಿಡಿದುಕೊಟ್ಟವರು ನಮ್ಮವರೇ ಬಿಡಿ. 1831ರಲ್ಲಿ ನಂದಗಡದಲ್ಲಿ ಗಲ್ಲು.

ಇದು ಒಂದು ಸಲದ ಪವಾಡವೇನಲ್ಲ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಸುರಪುರದ ಬೇಡರ ವಾಗಿನಗೇರಿಗೆ ಮುತ್ತಿಗೆ ಹಾಕಿದ. ಎರಡು ತಿಂಗಳ ಮೇಲಾಯಿತು. ಕೊನೆಗೆ ಕೋಟೆ ಸಿಕ್ಕಿತು, ಬೇಡರು ಸಿಗಲಿಲ್ಲ! ಬಂದೂಕು ಹೆಗಲಿಗೇರಿಸಿ ರಾತ್ರೋರಾತ್ರಿ ಜಾರಿದ್ದರು. ದೊರೆ ಪಿಡ್ಡನಾಯಕನೂ ಜಾರಿದ್ದ.

ಈಗ ಹಾರೂಗೇರಿಯಲ್ಲಿ ಬಸ್ಸು ಹಿಡಿದು ಮುಧೋಳದ ಕಡೆ ಹೊರಡಿ. ಆ ತಾಲೂಕಿನಲ್ಲಿದೆ ಹಲಗಲಿ. 1857ರ ಶಸ್ತ್ರ ಕಾಯ್ದೆ ಅಲ್ಲಿನ ಬೇಡರಿಗೆ ಮನೆಯ ಕತ್ತಿ, ಬಂದೂಕು ತಂದೊಪ್ಪಿಸಿ ಎಂದಿತು. ಬೇಟೆ, ಕಾವಲು, ದಂಡಿನ ಚಾಕರಿ, ಅವರ ಅನ್ನವೆಲ್ಲ ಅದರಲ್ಲೇ. ಜಡಗ, ಬಾಲ, ರಾಮ, ಹನುಮ ಕೊಡುವುದಿಲ್ಲ ಎಂದರು. ಒಂದು ಕಹಿ ಮಾತು ಹೇಳಲೇಬೇಕು. ಹಗುರ ಕಾಲಾಳಿನ ಬಲವೆಲ್ಲ ಓಡಾಟದಲ್ಲಿ. ಒಂದೆಡೆ ನಿಂತರೆ ಕೆಟ್ಟ. ಆದರೆ ಹೆಂಡತಿ ಮಕ್ಕಳಿರುವ ಊರು ಬಿಟ್ಟು ಇವರು ಓಡುವುದಾದರೂ ಎಲ್ಲಿಗೆ? ನವೆಂಬರಿನಲ್ಲಿ ಇಂಗ್ಲಿಷ್ ದಂಡು ಬಂತು. ಇವರು ನಿಂತು ಕಾದಿದರು. ದಂಡು ಊರಿಗೇ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನಕ್ಕೆ ಗಲ್ಲು. ಅದರಲ್ಲಿ 13 ಜನಕ್ಕೆ ಮುಧೋಳದಲ್ಲಿ, ಸಂತೆಯ ದಿನ, ನೆರೆದ ಜನರೆಲ್ಲ ನೋಡಲಿ ಎಂದೇ!

ಸ್ಪಾರ್ಟಾದ ಮುನ್ನೂರು ಜನರ ಸಿನಿಮಾ ನೋಡಲು ಕ್ಯೂ ನಿಂತವರೇ, ಈ 19ರಲ್ಲಿ ಎಷ್ಟು ಹೆಸರು ಗೊತ್ತು ನಿಮಗೆ? ಹಲಗಲಿಯ ಕಥೆ ಉಳಿದದ್ದು ಹಳ್ಳಿಯ ಲಾವಣಿಕಾರರ ಬಾಯಲ್ಲಿ. ಆ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವನು ಯಾರು? ಫ್ಲೀಟ್. ಗಲ್ಲಿಗೇರಿಸಿದ ಅದೇ ಸರ್ಕಾರದ ಅಧಿಕಾರಿ! ನಮ್ಮ ಪಂಡಿತರಿಗೆ ರಾಜರ ವಂಶಾವಳಿ ಬರೆದು ಪುರುಸೊತ್ತಿರಲಿಲ್ಲ.

ಬರುವ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ರದ್ದು ಮಾಡಿ. ಆ ಸೀಮೆಯ ಲಾವಣಿಕಾರರನ್ನು ಕರೆಸಿ. ಬಸ್ ಚಾರ್ಜು, ಊಟ, ಸಂಭಾವನೆ ಮೊದಲೇ ಕೈಗಿಡಿ.