ಅಂಜಿಕೆಯ ಕಾವ್ಯ ಊರ ಕಟ್ಟೆಗೆ ಬರಲಿ

ಕತೆ ಓದುವ, ಕತೆ ಕೇಳುವ ಆಡೂರಿನ ನಾವು ಇಂದಿನಿಂದ ಒಂದು ಕೆಲಸಕ್ಕೆ ಕೈಹಾಕುತ್ತಿದ್ದೇವೆ. ಕನ್ನಡದ ಭಯಾನಕ ಕಾವ್ಯವನ್ನು ಪರೀಕ್ಷೆಯ ಪ್ರಶ್ನೆಗಳಿಂದ ಬಿಡಿಸಿ ಕಟ್ಟೆಗೆ ತರುತ್ತೇವೆ. ಕತ್ತಲಾದ ಮೇಲೆ, ಗಟ್ಟಿ ದನಿಯಲ್ಲಿ ಓದುತ್ತೇವೆ.

ಪಾಳು ಕೋಟೆ, ನಡುರಾತ್ರಿ, ಸತ್ತವರ ಸುಳಿವು ಎಂದರೆ ಎಲ್ಲರೂ ಪಶ್ಚಿಮದ ಕಡೆ ಬೆರಳು ತೋರಿಸುತ್ತಾರೆ. ವಾಲ್‌ಪೋಲ್ ಒಟ್ರಾಂಟೊ ಕೋಟೆಯ ಕತೆ ಹೊರತಂದದ್ದು 1764ರಲ್ಲಿ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರದು, ಪೋ ಕವಿಯ ‘ದಿ ರೇವನ್’ 1845ರದು. ಅವನ್ನು ನಾವೂ ಪ್ರೀತಿಯಿಂದ ಓದುತ್ತೇವೆ. ಆದರೆ ಜನ್ನ ‘ಯಶೋಧರ ಚರಿತೆ’ ಬರೆದದ್ದು 1209ರಲ್ಲಿ. ಅವನಿಗೆ ಆಶ್ರಯವಿತ್ತ ಹೊಯ್ಸಳ ವೀರಬಲ್ಲಾಳ 1196ರಲ್ಲಿ ನಮ್ಮದೇ ಹಾನಗಲ್ಲಿಗೆ ಮುತ್ತಿಗೆ ಹಾಕಿದವನು. ಕತ್ತಿಯ ಕಾಲದ ಕವಿ ಆತ.

ಅವನ ಕಾವ್ಯದಲ್ಲಿ ಬಲಿ ಬೇಡುವ ದೇವತೆ ಚಂಡಮಾರಿಯ ಗುಡಿ. ಬಲಿಗೆಂದು ಹಿಡಿದು ತಂದ ಎಳೆಯ ಅಣ್ಣ ತಂಗಿ. ಎದುರಿಗೆ ದೊರೆ ಮಾರಿದತ್ತ. ಅಭಯರುಚಿ ಎಂಬ ಆ ಹುಡುಗ ಅಳುಕದೆ ತನ್ನ ಹಿಂದಿನ ಜನ್ಮಗಳ ಕತೆ ಹೇಳತೊಡಗುತ್ತಾನೆ. ಅವನು ಯಶೋಧರನೆಂಬ ಅರಸನಾಗಿದ್ದಾಗ ತಾಯಿ ಬಲಿ ಕೊಡು ಎಂದಳು. ಜೀವ ತೆಗೆಯಲು ಮನಸ್ಸಿಲ್ಲ, ಹೆತ್ತವಳ ಮಾತು ಮೀರುವಂತಿಲ್ಲ. ಹಿಟ್ಟಿನ ಕೋಳಿ ಮಾಡಿಸಿ ಕಡಿದ. ಕಡಿದೊಡನೆ ಆ ಹಿಟ್ಟಿನ ಕೋಳಿ ಕೂಗಿತು! ಒಳಗೊಂದು ಬೆಂತರ ಹೊಕ್ಕು ಕೂತಿತ್ತು. ಕೊಂದಿಲ್ಲವೆಂದು ತನ್ನನ್ನು ತಾನೇ ನಂಬಿಸಿಕೊಂಡವನ ಕಿವಿಗೆ ಕೊಲೆಯ ಸದ್ದು ಬಿತ್ತು. ಮುಂದೆ ಅವನು ನವಿಲಾಗಿ ಹುಟ್ಟಿದ, ತಾಯಿ ನಾಯಾಗಿ ಹುಟ್ಟಿದಳು. ಆ ಒಂದು ಏಟಿನ ಲೆಕ್ಕ ಜನ್ಮಜನ್ಮಕ್ಕೂ ತೀರಲಿಲ್ಲ.

ಒಳ್ಳೆಯ ದೆವ್ವದ ಕತೆ ಇಷ್ಟು ಕಾಲ ಬಾಳುವುದು ಈ ಲೆಕ್ಕದಿಂದಲೇ ಎಂದು ನಾವು ನಂಬಿದ್ದೇವೆ. ಹಗಲಲ್ಲಿ ಯಾರೂ ಕೇಳದ ಅನ್ಯಾಯವನ್ನು ಕೇಳಲು ಅಲ್ಲಿ ಸತ್ತವರು ಎದ್ದು ಬರುತ್ತಾರೆ. ಜನ್ನನಿಗಿಂತ ಸುಮಾರು 200 ವರ್ಷ ಮೊದಲೇ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ರಣದ ಮರುಳುಗಳು ಅರಸನನ್ನೇ ಅಣಕಿಸುತ್ತವೆ. ಆಮೇಲೆ ಕಾಲಿಗೆ ಸಿಗುವುದು ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ.

ಈ ಕವಿಗಳು ಜೈನರು. ಜಿನಾಲಯಕ್ಕೆ ದಾನ ಕೊಟ್ಟದ್ದನ್ನು ಹೇಳುವ ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕಿದ್ದು ಆಡೂರಿನಲ್ಲಿ. ಅವರ ಕಾವ್ಯ ನಮ್ಮೂರಿಗೆ ಪರಕೀಯವಲ್ಲ.

ಕಾವ್ಯದ ಜೊತೆಗೆ ಅಜ್ಜಿಯರ ಬಾಯಲ್ಲಿರುವ ಕೊಳ್ಳಿದೆವ್ವದ ಕತೆಗಳನ್ನೂ ಬರೆದಿಡುತ್ತೇವೆ. ದೆವ್ವ ಮರಳಿ ಹೋಗಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ದಿನಗಳನ್ನು ಕಂಡವರು ಇನ್ನೂ ಇದ್ದಾರೆ, ಅವರೂ ಬಂದು ಹೇಳಲಿ. ಅವರವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ, ತಿದ್ದುವುದಿಲ್ಲ.

ಒಂದು ಮಾತು ಖಡಾಖಂಡಿತ. ಮಾಟ, ಭಾನಾಮತಿ ಎಂದು ಬಡವರನ್ನು ಹೆದರಿಸಿ ಸುಲಿಯುವವರ ಜೊತೆ ನಮಗೆ ಯಾವ ನಂಟೂ ಇಲ್ಲ. ವಾಮಾಚಾರ ತಡೆಯುವ 2017ರ ರಾಜ್ಯ ಕಾಯ್ದೆಯ ಪರವಾಗಿ ನಾವಿದ್ದೇವೆ. ಬಲಿಯ ಹೇಸಿಕೆಯನ್ನು ಜನ್ನನಷ್ಟು ಖಾರವಾಗಿ ತೋರಿಸಿದವರು ವಿರಳ. ಅಂಜಿಕೆಯನ್ನು ಕತೆಯಾಗಿ ಕೇಳಿ ಬೆಳೆದ ಮಗು ಅಂಜಿಕೆ ಮಾರುವವನನ್ನು ಬೇಗ ಗುರುತಿಸುತ್ತದೆ.

ಮೊದಲ ಓದು ಬರುವ ಅಮಾವಾಸ್ಯೆಗೆ, ರಾತ್ರಿ ಊಟವಾದ ಮೇಲೆ. ಗಮಕದ ಪದ್ಧತಿಯಂತೆ ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ನಮ್ಮ ಕಡೆಯ ಮಾತಿನಲ್ಲಿ ಅರ್ಥ ಬಿಡಿಸುತ್ತಾರೆ. ಹಳೆಗನ್ನಡ ಬಾರದವರೂ ಬರಬೇಕು. ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಗೆಳೆಯರು ತಮ್ಮ ಊರುಗಳಲ್ಲೂ ಇದನ್ನು ಆರಂಭಿಸಲಿ, ಪುಸ್ತಕ ನಾವು ಕಳಿಸುತ್ತೇವೆ.