ಮುರಿದ ಕೈಯೂ ಮಂಪರಿನ ಮಾತ್ರೆಯೂ

ಹೋದ ಸಂಚಿಕೆಯಲ್ಲಿ ಅಕ್ಕಿ ಹಪ್ಪಳದ ಬಗ್ಗೆ ಬರೆದಿದ್ದೆನಲ್ಲ, ಆ ಹಪ್ಪಳ ಒಣಗಿಸುವ ಗಡಿಬಿಡಿಯಲ್ಲೇ ನಮ್ಮ ಅತ್ತೆಯವರು ಹಿತ್ತಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಎಪ್ಪತ್ತೆರಡು ವಯಸ್ಸು. ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದು, ಪ್ಲಾಸ್ಟರ್ ಹಾಕಿ, ನೋವಿಗೆ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಕೂಡಿದ ಮಾತ್ರೆ ಬರೆದುಕೊಟ್ಟರು. ನನಗೇನು ಗೊತ್ತು? ಡಾಕ್ಟರು ಬರೆದದ್ದು ಅಂತ ಹೊತ್ತುಹೊತ್ತಿಗೆ ಕೊಡುತ್ತಾ ಬಂದೆ.

ಮೊದಲ ದಿನ ಚೆನ್ನಾಗಿ ನಿದ್ದೆ ಮಾಡಿದರು. ಎರಡನೆಯ ದಿನ ವಾಂತಿ, ತಲೆಸುತ್ತು. ಗಂಜಿ ಕೂಡ ಸೇರಲಿಲ್ಲ. ಮಲಬದ್ಧತೆ ಬೇರೆ. ಮೂರನೆಯ ರಾತ್ರಿ ಬಚ್ಚಲಿಗೆಂದು ಎದ್ದವರು ಓಲಾಡಿ ಬಾಗಿಲಿಗೆ ಒರಗಿಬಿಟ್ಟರು. ನಾನು ಹಿಡಿದುಕೊಳ್ಳದಿದ್ದರೆ ಇನ್ನೊಂದು ಕೈಯೂ ಹೋಗುತ್ತಿತ್ತು. "ಕೈನೋವು ತಡ್ಕೋತೀನಿ ಕಣೇ, ಈ ಮಂಪರು ಬೇಡ" ಅಂತ ಅತ್ತರು.

ತಂಗಿಯ ಮಗಳು ನರ್ಸಿಂಗ್ ಮುಗಿಸಿದವಳು. ಫೋನಿನಲ್ಲಿ ಮಾತ್ರೆಯ ಹೆಸರು ಕೇಳಿ, "ದೊಡ್ಡಮ್ಮಾ, ಅದು ಅಫೀಮಿನ ಗುಂಪಿಗೆ ಸೇರಿದ್ದು" ಅಂದಳು. ಮಾರ್ಫಿನ್, ಕೊಡೀನ್ ಇವೆಲ್ಲ ಅದರ ಬಂಧುಗಳಂತೆ. ನೋವಿನ ಅರಿವನ್ನು ಮಿದುಳಿನಲ್ಲೇ ತಗ್ಗಿಸುತ್ತವೆ. ಮಂಪರು, ವಾಕರಿಕೆ ಜತೆಯಲ್ಲೇ ಬರುತ್ತವೆ. ಬಹಳ ದಿನ ನುಂಗಿದರೆ ಚಟವೂ ಹತ್ತಬಹುದು. 2018ರಲ್ಲಿ ನಮ್ಮ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತುಗಳ ಕಾನೂನಿನಡಿ ತಂದಿದೆ.

"ಹಾಗಂತ ಮುರಿದ ಮೂಳೆಗೆ ಸಾದಾ ಮಾತ್ರೆ ಸಾಕಾಗುತ್ತೇನೇ?" ಅಂದೆ. ಅವಳು ಹೇಳಿದ್ದು ಕೇಳಿ. 2017ರಲ್ಲಿ ಅಮೆರಿಕದ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಕೈಕಾಲು ನೋವಿಗೆ ತುರ್ತು ವಿಭಾಗಕ್ಕೆ ಬಂದ ನಾನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಸುಮಾರು ಐದರಲ್ಲೊಬ್ಬರಿಗೆ ಮೂಳೆ ಮುರಿದಿತ್ತು, ಉಳಿದವರದು ಹೆಚ್ಚಾಗಿ ಉಳುಕು. ಕೆಲವರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಸಿಟಮಾಲ್ 1000 ಮಿಲಿಗ್ರಾಂ ಜತೆಯಾಗಿ. ಉಳಿದವರಿಗೆ ಅಫೀಮು ಜಾತಿಯ ಮೂರು ಬಗೆ ಮಾತ್ರೆಗಳಲ್ಲಿ ಒಂದು. ಎರಡು ಗಂಟೆಯ ಮೇಲೆ ಕೇಳಿದರೆ ಎಲ್ಲರ ನೋವೂ ಹೆಚ್ಚುಕಮ್ಮಿ ಒಂದೇ ಸಮ ಇಳಿದಿತ್ತು! ಕೆನಡಾದಲ್ಲಿ ಕೈಕಾಲು ಮುರಿದ ಮಕ್ಕಳಿಗೆ ಮಾರ್ಫಿನ್, ಐಬುಪ್ರೊಫೆನ್ ಕೊಟ್ಟು ನೋಡಿದಾಗಲೂ (2014) ಹಾಗೆಯೇ. ಮಾರ್ಫಿನ್ ಕುಡಿದ ಮಕ್ಕಳಿಗೆ ಅಡ್ಡ ಪರಿಣಾಮ ಮಾತ್ರ ಹೆಚ್ಚು. 12 ವರ್ಷದೊಳಗಿನ ಮಕ್ಕಳಿಗಂತೂ ನೋವಿಗೆ ಕೊಡೀನ್, ಟ್ರಮಡಾಲ್ ಕೂಡದು.

ಹಾಗಂತ ನಾವೇ ಅಂಗಡಿಗೆ ಹೋಗಿ ಮಾತ್ರೆ ಬದಲಾಯಿಸೋದು ಬೇಡ, ಸೋದರಿಯರೇ. ಐಬುಪ್ರೊಫೆನ್ ಏನೂ ಸಾಧುವಲ್ಲ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇದ್ದವರಿಗೆ ಆಗದು. ನಮ್ಮತ್ತೆಗೆ ಬಿ.ಪಿ. ಮಾತ್ರೆ ನಡೀತಿದೆ. ಮತ್ತೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದ ಮೇಲೆ ಅವರು ಬರೀ ಪ್ಯಾರಸಿಟಮಾಲ್ ಹೊತ್ತು ತಪ್ಪದೆ ಕೊಡಿ, ಕೈಯನ್ನು ದಿಂಬಿನ ಮೇಲೆ ಎತ್ತರಿಸಿಡಿ ಅಂದರು. ಅಲ್ಲೇ ನನ್ನ ಪೆದ್ದುತನವೂ ಹೊರಬಿತ್ತು. ನೋವು ತಡೆಯಲ್ಲ ಅಂತ ಮನೆಯಲ್ಲಿದ್ದ ಪ್ಯಾರಸಿಟಮಾಲನ್ನೂ ನಡುನಡುವೆ ಕೊಟ್ಟಿದ್ದೆ. ಮೊದಲಿನ ಮಾತ್ರೆಯೊಳಗೇ ಅದು ಇದೆ ಅಂತ ಹೊಳೆದೇ ಇರಲಿಲ್ಲ. ಅಳತೆ ಮೀರಿದರೆ ಪಿತ್ತಜನಕಾಂಗಕ್ಕೇ ಏಟು. ಹೊದಿಕೆಯ ಮೇಲೆ ಬರೆದದ್ದನ್ನು ಕನ್ನಡಕ ಹಾಕಿಕೊಂಡಾದರೂ ಓದಿ.

ತೊಡೆಮೂಳೆ ಮುರಿದಾಗ, ಆಪರೇಷನ್ ಆದಾಗ ಬಲವಾದ ಮದ್ದು ಬೇಕಾಗಬಹುದು, ಆಗ ಹೆದರಿ ಬೇಡ ಅನ್ನಬೇಡಿ. ಇನ್ನೊಂದು ಮಾತು. ಪ್ಲಾಸ್ಟರ್ ಹಾಕಿದ ಮೇಲೆ ನೋವು ಇಳಿಯದೆ ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ಇನ್ನೊಂದು ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಊತ ಹೆಚ್ಚಿ ರಕ್ತದ ಓಡಾಟ ನಿಂತಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಓಡಿ.

ಅತ್ತೆಯವರ ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಇದೆ. ಈಗ ಜಗಲಿಯಲ್ಲಿ ಕೂತು ಎಡಗೈಯಲ್ಲೇ ಹಪ್ಪಳ ಎಣಿಸಿ ಡಬ್ಬಿಗೆ ತುಂಬುತ್ತಾ, ನಾನು ಒತ್ತಿದ್ದು ದಪ್ಪ ಆಯ್ತು ಅಂತ ಬೈಯುತ್ತಿದ್ದಾರೆ.