ಜಾಲತಾಣದ ತಪಾಸಣೆ ಸಮಾಜ ವಿಜ್ಞಾನದ ತರಗತಿಯಲ್ಲೇ ಆರಂಭವಾಗಲಿ

ಇಂದಿನ ವ್ಯಾಪಾರದಲ್ಲಿ ಅಂಗಡಿಯ ಗುಮಾಸ್ತನಿಂದ ಹಿಡಿದು ಕಾರ್ಖಾನೆಯ ಖರೀದಿ ಸಹಾಯಕನವರೆಗೆ ಎಲ್ಲರಿಗೂ ಅಂತರ್ಜಾಲ ಅನಿವಾರ್ಯವಾಗಿದೆ. ಗಣಕಯಂತ್ರವನ್ನು ನಡೆಸುವುದರಲ್ಲಿ ಯುವಕರಿಗೆ ಕೊರತೆಯೇನೂ ಇಲ್ಲ. ಕೊರತೆ ಇರುವುದು, ಪರದೆಯ ಮೇಲೆ ಕಂಡದ್ದು ನಂಬಲರ್ಹವೇ ಎಂದು ನಿರ್ಣಯಿಸುವಲ್ಲಿ. ಆಕರ್ಷಕ ಜಾಲತಾಣ, ಅಗ್ಗದ ದರಪಟ್ಟಿ, ಕೆಳಗೊಂದು ಜಿಎಸ್‌ಟಿ ಸಂಖ್ಯೆ ಕಂಡರೆ ಸಾಕು, ಮುಂಗಡ ಹಣ ರವಾನೆಯಾಗಿಬಿಡುತ್ತದೆ. 15 ಅಂಕಿ-ಅಕ್ಷರಗಳ ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಪರಿಶೀಲಿಸಬಹುದು. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಗುಜರಾತಿಗೆ 24. ಹಣ ಕಳೆದುಕೊಂಡ ಮೇಲೆ 1930 ಸಹಾಯವಾಣಿಗೆ ಕರೆ ಮಾಡುವವರಲ್ಲಿ ಎಷ್ಟು ಮಂದಿ ಮೊದಲೇ ಈ ಎರಡು ನಿಮಿಷಗಳನ್ನು ವ್ಯಯಿಸಿರುತ್ತಾರೆ?

ಈ ಕೊರತೆಯ ಮೂಲ ಶಾಲೆಯಲ್ಲಿದೆ. ರಾಜ್ಯದ ಮಾಹಿತಿ ಸಿಂಧು ಯೋಜನೆಯಾಗಲಿ, 2004ರಲ್ಲಿ ಆರಂಭವಾದ ಕೇಂದ್ರದ ಐಸಿಟಿ ಯೋಜನೆಯಾಗಲಿ ಶಾಲೆಗಳಿಗೆ ಗಣಕಯಂತ್ರಗಳನ್ನು ತಂದುಕೊಟ್ಟವು. ಆದರೆ ಅವು ಬಹುಮಟ್ಟಿಗೆ ಪ್ರತ್ಯೇಕ ಕೊಠಡಿಯ ಸ್ವತ್ತಾಗಿ, ಬೆರಳಚ್ಚಿನ ಅಭ್ಯಾಸಕ್ಕೆ ಸೀಮಿತವಾದವು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲೇ ಉಳಿದ ಶಾಲೆಗಳ ಮಾತು ಬೇರೆ. ಮಾಹಿತಿಯನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು, ಏಕೆ ಕೊಟ್ಟರು ಎಂದು ಕೇಳುವುದು ಯಂತ್ರದ ವಿದ್ಯೆಯಲ್ಲ. ಅದು ಇತಿಹಾಸ, ಪೌರನೀತಿ, ಅರ್ಥಶಾಸ್ತ್ರಗಳ ವಿದ್ಯೆ. ರಾಜ್ಯದ ಪ್ರೌಢಶಾಲಾ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರ, ಗ್ರಾಹಕ ರಕ್ಷಣೆಗಳನ್ನೊಳಗೊಂಡ ವ್ಯವಹಾರ ಅಧ್ಯಯನವೂ ಸೇರಿದೆ ಎಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು.

ಒಂದು ಉದಾಹರಣೆ ನೋಡಬಹುದು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಎಷ್ಟೆಂದು ಅಂತರ್ಜಾಲದಲ್ಲಿ ಹುಡುಕಿದರೆ ಒಂದೆಡೆ 6,11,30,704 ಎಂದೂ, ಇನ್ನೊಂದೆಡೆ 6,10,95,297 ಎಂದೂ ಕಾಣುತ್ತದೆ. ಎರಡೂ ಸರ್ಕಾರದ ಅಂಕಿಗಳೇ. ವ್ಯತ್ಯಾಸ 35,407. ಸಾಕ್ಷರತೆಯೂ ಹಾಗೆಯೇ: ಒಂದು ಕಡೆ ಶೇ. 75.60, ಮತ್ತೊಂದು ಕಡೆ ಶೇ. 75.36. ಮೊದಲನೆಯವು 2011ರಲ್ಲೇ ಹೊರಬಂದ ತಾತ್ಕಾಲಿಕ ಅಂಕಿಗಳು, ಎರಡನೆಯವು 2013ರ ಅಂತಿಮ ಅಂಕಿಗಳು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಪರಿಶೋಧನೆಗೆ ಮುಂಚಿನ ಲೆಕ್ಕ, ಇನ್ನೊಂದು ನಂತರದ ಲೆಕ್ಕ. ಈ ಭೇದವನ್ನು ತಾನೇ ಕಂಡುಹಿಡಿದ ವಿದ್ಯಾರ್ಥಿ ಮುಂದೆ ದಿನಾಂಕವಿಲ್ಲದ ದರಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಲಾರ. ಅಂಕಿಯನ್ನು ಕಂಠಪಾಠ ಮಾಡಿಸುವ ತರಗತಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು ಹಾಗೂ 25 ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ತೋರಿಸಿ ಅವುಗಳ ವಿಶ್ವಾಸಾರ್ಹತೆಯನ್ನು ಕೇಳಲಾಯಿತು. ಘನ ವಿದ್ವಾಂಸರೂ ವಿದ್ಯಾರ್ಥಿಗಳಂತೆ ಆಯಾ ಪುಟದೊಳಗೇ ಉಳಿದು, ಅದರ ಅಚ್ಚುಕಟ್ಟಿಗೆ ಹಲವು ಬಾರಿ ಮೋಸಹೋದರು. ಸತ್ಯಶೋಧಕರು ಮಾತ್ರ ಕ್ಷಣಾರ್ಧದಲ್ಲಿ ಆ ಪುಟವನ್ನು ಬಿಟ್ಟು, ಅದರ ಬಗ್ಗೆ ಉಳಿದವರು ಏನು ಹೇಳುತ್ತಾರೆಂದು ಬೇರೆಡೆ ಹುಡುಕಿದರು. ಲೆಕ್ಕಪರಿಶೋಧನೆಯ ಹಳೆಯ ಪದ್ಧತಿಯೂ ಇದೇ ಅಲ್ಲವೇ? ಬಾಕಿದಾರ ಎಷ್ಟು ಕೊಡಬೇಕೆಂಬುದಕ್ಕೆ ಸಂಸ್ಥೆಯ ಸ್ವಂತ ಖಾತೆ ಪುಸ್ತಕವೊಂದೇ ಸಾಕ್ಷಿಯಾಗದು. ಬಾಕಿದಾರನಿಂದಲೇ ನೇರ ದೃಢೀಕರಣ ಪತ್ರ ತರಿಸಿಕೊಳ್ಳಬೇಕು.

ಪಠ್ಯದ ಹೊರೆ ಈಗಾಗಲೇ ಹೆಚ್ಚಾಗಿದೆ ಎಂಬ ಶಿಕ್ಷಕರ ಆಕ್ಷೇಪ ನ್ಯಾಯವಾದುದೇ. ಆದರೆ ಇದಕ್ಕೆ ಹೊಸ ವಿಷಯವಾಗಲಿ, ಹೊಸ ಅವಧಿಯಾಗಲಿ ಬೇಕಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಸಮಾಜ ವಿಜ್ಞಾನದ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಚಿತ್ರ ಕತ್ತರಿಸಿ ಅಂಟಿಸುವ ಕಡತಗಳಿಗೆ ಆ ಅಂಕಗಳನ್ನು ಕೊಡುವ ಬದಲು ಒಂದೆರಡು ಪರಿಶೀಲನಾ ಚಟುವಟಿಕೆಗಳಿಗೆ ಮೀಸಲಿಡಬಹುದು. ಕೃಷಿ ಮಾರಾಟ ವಾಹಿನಿಯ ಜಾಲತಾಣದಿಂದ ಒಂದು ವಾರದ ಮಾರುಕಟ್ಟೆ ಧಾರಣೆಯನ್ನು ಬರೆದುಕೊಂಡು ಊರಿನ ಮಂಡಿಯ ದರದೊಡನೆ ಹೋಲಿಸುವುದು, ಒಂದು ಬಿಲ್ಲಿನ ಜಿಎಸ್‌ಟಿ ಸಂಖ್ಯೆಯನ್ನು ಪರಿಶೀಲಿಸುವುದು, ಇಂಥವೇ ಸಾಕು. ಅಂತರ್ಜಾಲ ಸಂಪರ್ಕವಿಲ್ಲದ ಶಾಲೆಯಲ್ಲಿ ಜನಗಣತಿಯ ಆ ಎರಡು ಪುಟಗಳನ್ನು ಮುದ್ರಿಸಿ ಹಂಚಿದರೂ ಪಾಠ ನಡೆಯುತ್ತದೆ.

ವಾಣಿಜ್ಯ ಮಂಡಳಿಗಳು ಶಾಲೆಗಳಿಗೆ ಗಣಕಯಂತ್ರ ದಾನ ಮಾಡಿ ಛಾಯಾಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಅದಕ್ಕಿಂತ ಕಡಿಮೆ ವೆಚ್ಚದ ಕೆಲಸವೊಂದಿದೆ. ಸದಸ್ಯರ ಕಚೇರಿಗಳಿಗೆ ಬಂದ ನಕಲಿ ದರಪಟ್ಟಿಗಳು, ಸುಳ್ಳು ಇ-ಮೇಲ್‌ಗಳು, ಹೆಸರಿನ ಒಂದಕ್ಷರ ಮಾತ್ರ ಬದಲಾಯಿಸಿದ ಜಾಲತಾಣಗಳ ಪ್ರತಿಗಳನ್ನು ಗುರುತು ಅಳಿಸಿ ಒಂದು ಕಡತವಾಗಿ ಸಂಗ್ರಹಿಸಬೇಕು. ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವ ಹೊತ್ತಿಗೆ ಅದು ತಾಲ್ಲೂಕಿನ ಸಮಾಜ ವಿಜ್ಞಾನ ಶಿಕ್ಷಕರ ಕೈಸೇರಬೇಕು. ಮೋಸಹೋದ ಸದಸ್ಯರು ಸಂಕೋಚ ಬಿಟ್ಟು ಆ ಕಾಗದಗಳನ್ನು ಹೊರತೆಗೆಯುವುದೊಂದೇ ಇಲ್ಲಿನ ಕಷ್ಟ.